ಎಡಕ್ಕೆ ಯಾರೂ ಇಲ್ಲ

ಜಪಾನಿನ ನೀಗಾತಾ ಬಂದರಿನಿಂದ ಮೀನು ಸಾಗಿಸುವ ಲಾರಿ ಚಾಲಕರಲ್ಲಿ ಹೊನ್ಮಾನ ಬೆರಳು ಹೆಸರುವಾಸಿ. ತಿರುವು ಬಂದರೆ ಸಾಕು, ಕ್ಯಾಬಿನ್ನಿನಲ್ಲಿ ಒಬ್ಬನೇ ಇದ್ದರೂ ಬಿಳಿ ಕೈಗವಸಿನ ಬೆರಳು ಚಾಚಿ, "ಬಲಕ್ಕೆ ಯಾರೂ ಇಲ್ಲ! ಎಡಕ್ಕೆ ಯಾರೂ ಇಲ್ಲ!" ಎಂದು ಗಟ್ಟಿಯಾಗಿ ಕೂಗಿಯೇ ಸ್ಟೇರಿಂಗ್ ತಿರುಗಿಸುವವನು. ಆ ಕಸುಬಿನಲ್ಲಿ ಎಲ್ಲರಿಗೂ ಕಲಿಸುವ ಪಾಠವೇ ಅದು. ಆದರೆ ಹೆಚ್ಚಿನವರು ವರ್ಷ ಕಳೆಯುತ್ತಿದ್ದಂತೆ ಬೆರಳನ್ನು ಅರ್ಧಕ್ಕೇ ಎತ್ತಿ, ಮಾತನ್ನು ಬಾಯೊಳಗೇ ನುಂಗಿಬಿಡುತ್ತಾರೆ. ಹೊನ್ಮಾ ಮಾತ್ರ ತಲೆ ನೆರೆತರೂ ಬಿಟ್ಟಿರಲಿಲ್ಲ. ಹೊಸಬರನ್ನು ಅವನ ಪಕ್ಕದಲ್ಲಿ ಕೂರಿಸಿ ಕಳಿಸುವುದು ಮಿನೋವಾ ಸಾರಿಗೆ ಕಂಪನಿಯ ಪದ್ಧತಿಯಾಗಿತ್ತು.

ವಸಂತದಲ್ಲಿ ಅವನಿಗೆ ಹೊಸ ಲಾರಿ ಕೊಟ್ಟರು. ಕೆಟ್ಟು ನಿಲ್ಲುವುದೆಂದರೇನೆಂದೇ ಅದಕ್ಕೆ ಗೊತ್ತಿರಲಿಲ್ಲ. ಗೆರೆ ದಾಟಿದರೆ ಕಿರುಚುತ್ತಿತ್ತು, ಆಕಳಿಸಿದರೆ ಹೆಣ್ಣುದನಿಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ ಎನ್ನುತ್ತಿತ್ತು. "ನನ್ನ ಹೆಂಡ್ತಿ ಬದುಕಿದ್ದಾಗ್ಲೂ ಇಷ್ಟು ಗದರಿಸ್ತಿರ್ಲಿಲ್ಲ" ಎಂದು ಹೊನ್ಮಾ ನಗುತ್ತಿದ್ದ. ಆದರೂ ದಿನವೂ ಸಂಜೆ ಅದರ ಕನ್ನಡಿಗಳನ್ನು ತಾನೇ ಒರೆಸುತ್ತಿದ್ದ.

ಮಳೆಗಾಲದ ಹೊತ್ತಿಗೆ ಅವನ ಎಡಗೈ ಬದಿಯ ಚಹಾ ಲೋಟಗಳು ಉರುಳತೊಡಗಿದವು. ನೂಡಲ್ಸ್ ಅಂಗಡಿಯ ಬಾಗಿಲಿನ ಚೌಕಟ್ಟಿಗೆ ಎಡಭುಜ ಬಡಿಯಿತು, ಒಮ್ಮೆ ಅಲ್ಲ, ಮೂರ್ನಾಲ್ಕು ಬಾರಿ. ವಯಸ್ಸು ಎಂದುಕೊಂಡ. ಕಣ್ಣಿನ ಡಾಕ್ಟರ ಬಳಿ ಹೋಗಬೇಕು ಎಂದುಕೊಂಡ. ಅವರು ಏನು ಹೇಳುತ್ತಾರೆಂಬ ಅನುಮಾನ ಇರುವವರೇ ಅಲ್ಲಿಗೆ ಹೋಗುವುದನ್ನು ಮುಂದೂಡುವುದು. ಲಾರಿಯಿಂದ ಇಳಿದರೆ ಅವನಿಗೆ ಉಳಿಯುತ್ತಿದ್ದದ್ದು ಒಂದು ಖಾಲಿ ಮನೆ, ಒಂದು ಟಿ.ವಿ.

ಲಾರಿಯಿಂದ ಇಳಿದವನ ಪಾಡು ಏನೆಂಬುದನ್ನು ಅವನು ದಿನವೂ ಕಣ್ಣಾರೆ ನೋಡುತ್ತಿದ್ದ. ಅವನ ಗೆಳೆಯ ಕಜಾಮಾ, ಅವನ ಜೊತೆಗೇ ಅದೇ ವರ್ಷ ಕೆಲಸಕ್ಕೆ ಸೇರಿದವನು, ಈಗ ರಸ್ತೆ ಅಗೆಯುವ ಕಡೆ ಹೆಲ್ಮೆಟ್ಟು ಹಾಕಿಕೊಂಡು ಕೆಂಪು ಕೋಲು ಬೀಸುವ ಕಾವಲುಗಾರ. ಐದು ವರ್ಷದ ಹಿಂದೆ ಅವನು ಸ್ಟೇರಿಂಗ್ ಹಿಡಿದೇ ತೂಕಡಿಸಿ, ಲಾರಿಯನ್ನು ರಸ್ತೆ ಬದಿಯ ತಡೆಬೇಲಿಗೆ ಉಜ್ಜಿದ್ದ. ಪಕ್ಕದಲ್ಲಿ ಹೊನ್ಮಾ ಇದ್ದ. ಮಾರನೆಯ ಬೆಳಿಗ್ಗೆ, ಲಾರಿ ಹೊರಡುವ ಮುನ್ನ ಚಾಲಕರ ಆರೋಗ್ಯ ವಿಚಾರಿಸುವ ಹಾಜರಿ ಕಟ್ಟೆಯ ಮುಂದೆ ನಿಂತು ಕಜಾಮಾ "ತೊಂದ್ರೆ ಏನೂ ಇಲ್ಲ" ಎಂದಾಗ, ಹೊನ್ಮಾ ಹಿಂದಿನಿಂದ, "ಇದೆ. ನಿನ್ನೆ ನಿದ್ದೆ ಮಾಡ್ದ" ಎಂದುಬಿಟ್ಟಿದ್ದ. ಕಜಾಮಾನಿಗೆ ನಿದ್ದೆಯಲ್ಲಿ ಉಸಿರುಕಟ್ಟುವ ಕಾಯಿಲೆ ಇದೆಯೆಂದು ಆಮೇಲೆ ತಿಳಿಯಿತು. ಅವನಿಗೆ ಲಾರಿ ಕೈತಪ್ಪಿತು, ಇಬ್ಬರ ನಡುವಿನ ಮಾತೂ ನಿಂತಿತು.

ಈ ಶರತ್ಕಾಲದಲ್ಲಿ ನೀರಿನ ಪೈಪು ಹಾಕುವ ಕೆಲಸ ಲಾರಿ ಅಂಗಳದ ಮೂಲೆಗೇ ಬಂದಿತ್ತು. ಹೊನ್ಮಾನ ಲಾರಿ ಬಂದಾಗಲೆಲ್ಲ ಕಜಾಮಾ ಕೋಲು ಕೆಳಗಿಳಿಸಿ ಸೊಂಟ ಬಗ್ಗಿಸಿ ನಮಸ್ಕರಿಸುತ್ತಿದ್ದ. ಅದು ಕೆಲಸದ ಮರ್ಯಾದೆಯೋ, ಮುಖಕ್ಕೆ ಹೊಡೆದ ಹಾಗೆ ಮಾಡಿದ ಅಣಕವೋ ಹೊನ್ಮಾನಿಗೆ ತಿಳಿಯುತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಆ ದಿನ ಮಧ್ಯಾಹ್ನ ಹೊನ್ಮಾ ಅದೇ ಮೂಲೆಯಲ್ಲಿ ಎಡಕ್ಕೆ ತಿರುಗುತ್ತಿದ್ದ. ಬೆರಳು ಎದ್ದಿತು. ಬಲಕ್ಕೆ ಯಾರೂ ಇಲ್ಲ. ಬೆರಳು ಆಚೆಗೆ ಹೊರಳಿತು. "ಎಡಕ್ಕೆ ಯಾರೂ—" ಕ್ಯಾಬಿನ್ನಿನೊಳಗೆ ಏನೋ ಕೀರಲು ಸದ್ದು ಬಂತು, ಅದರ ಮೇಲೆಯೇ ಅವನು "ಇಲ್ಲ!" ಎಂದು ಕೂಗಿ ಮುಗಿಸಿದ. ಆ ಕ್ಷಣ ಲಾರಿ ತಾನೇ ಬ್ರೇಕ್ ಹಾಕಿಕೊಂಡು ಧಡ್ಡನೆ ನಿಂತಿತು. ಸೀಟ್ ಬೆಲ್ಟ್ ಎದೆಗೆ ಒತ್ತಿತು. ಅವನ ಬೆರಳು ಇನ್ನೂ ಗಾಳಿಯಲ್ಲೇ ಇತ್ತು. ಕತ್ತು ಪೂರ್ತಿ ಹೊರಳಿಸಿ ನೋಡಿದರೆ, ಅದರ ತುದಿಯಲ್ಲಿ, ಗಾಜಿನಾಚೆ, ಕೈಗೆ ಸಿಗುವಷ್ಟು ಹತ್ತಿರ, ಉರುಳಿಬಿದ್ದ ಟ್ರಾಫಿಕ್ ಕೋನ್ ಒಂದನ್ನು ಎತ್ತಲು ರಸ್ತೆಗಿಳಿದಿದ್ದ ಕಜಾಮಾ.

ಕಜಾಮಾ ಬೆರಳನ್ನು ನೋಡಿದ, ಹೊನ್ಮಾನನ್ನು ನೋಡಿದ. ಆಮೇಲೆ ಹಿಂದೆ ಸರಿದು ಸೊಂಟ ಬಗ್ಗಿಸಿದ.

ಸಂಜೆ ಕಜಾಮಾ ಲಾರಿ ಅಂಗಳಕ್ಕೇ ಬಂದ. ಕೈಯಲ್ಲಿ ಒಂದು ಚೀಲ ಪರ್ಸಿಮನ್ ಹಣ್ಣು.

"ತಗೋ ಮಾರಾಯಾ, ಮನೆ ಹಿತ್ತಲಿನವು. ಒಗರು ತೆಗ್ದಿದೀನಿ, ಹೆದರ್ಬೇಡ."

"ಇದೆಲ್ಲ ಯಾಕೋ?"

"ಯಾಕೆ ಅಂತೀಯಲ್ಲ! ನೀನಲ್ದೆ ಬೇರೆ ಯಾವನಾದ್ರೂ ಇದ್ದಿದ್ರೆ ನಾನು ಇವತ್ತು ಚಕ್ರದಡಿ ಇರ್ತಿದ್ದೆ. ನನ್ನ ತಪ್ಪೇ, ಹಿಂದೆಮುಂದೆ ನೋಡ್ದೆ ಇಳಿದ್ಬಿಟ್ಟೆ. ನೀನು ಸೀದಾ ನನ್ನ ಕಡೆ ಬೆರಳು ತೋರ್ಸಿ ನಿಲ್ಸಿದ್ಯಲ್ಲ, ಆಗ ಅನ್ನಿಸ್ತು ನೋಡು..." ಕಜಾಮಾ ಹೆಲ್ಮೆಟ್ಟು ತೆಗೆದು ತಲೆ ಕೆರೆದುಕೊಂಡ. "ಐದು ವರ್ಷ ನಿನ್ನನ್ನ ಮನಸ್ನಲ್ಲೇ ಬೈಕೊಂಡಿದ್ದೆ ಕಣೋ. ಗೆಳೆಯನ ಹೊಟ್ಟೆ ಮೇಲೆ ಹೊಡೆದ ಅಂತ. ಅಲ್ಲ. ಸ್ಟೇರಿಂಗ್ ಹಿಡಿಯೋನು ಅಂದ್ರೆ ನಿನ್ನ ಹಾಗಿರ್ಬೇಕು. ನನ್ನ ಇಳಿಸಿದ್ದೇ ಸರಿ."

ಹೇಳಬೇಕಾದ ಮಾತು ಹೊನ್ಮಾನ ನಾಲಿಗೆಯ ತುದಿಗೆ ಬಂದಿತ್ತು. ಕಜಾಮಾ ನಗುತ್ತಿದ್ದ. ಆ ನಗು ಕಂಡು ಎಷ್ಟು ಕಾಲವಾಗಿತ್ತು! ಹೊನ್ಮಾ ಹಣ್ಣಿನ ಚೀಲ ಇಸಿದುಕೊಂಡು ತಲೆಬಾಗಿಸಿದ, ಅಷ್ಟೇ. ಮನೆಯಲ್ಲಿ ಒಂದು ಹಣ್ಣು ಹೆಚ್ಚಿ, ತಿನ್ನದೆ ತಟ್ಟೆಯಲ್ಲೇ ಬಿಟ್ಟ.

ಬೆಳಿಗ್ಗೆ ಹಾಜರಿ ಕಟ್ಟೆಯ ಆಚೆ ಮಿಸಾವಾ ಕೂತಿದ್ದಳು. ಲಾರಿಗಳನ್ನು ಕಳಿಸುವ ಅಧಿಕಾರ ಅವಳದು; ಹೊನ್ಮಾನಿಗೆ ಮಗಳಾಗಬಹುದಾದ ವಯಸ್ಸು. ಹೊನ್ಮಾ ಮದ್ಯ ಪರೀಕ್ಷೆಯ ಕೊಳವೆಗೆ ಊದಿದ. ಸೊನ್ನೆ ಬಂತು.

"ಆರೋಗ್ಯ?" ಎಂದು ಅವಳು ತಲೆಯೆತ್ತದೆಯೇ ಕೇಳಿದಳು.

ತೊಂದರೆ ಏನೂ ಇಲ್ಲ ಎನ್ನಬೇಕು. ಅಷ್ಟೂ ವರ್ಷ ದಿನವೂ ಆಡಿದ ಮಾತು. ಬಾಯಿ ತೆರೆದರೆ ತಾನಾಗಿಯೇ ಉದುರುವಂಥದು. ನಿನ್ನೆ ಬೆರಳಿನ ಹಿಂದೆ ಉದುರಿದ್ದೂ ಅಂಥದೇ ಮಾತು. ಹೊನ್ಮಾ ತುಟಿ ಬಿಗಿಹಿಡಿದ.

ಮಿಸಾವಾ ತಲೆಯೆತ್ತಿದಳು. "ನಿನ್ನೆ ಬ್ರೇಕ್ ಬಿದ್ದಿದ್ದಕ್ಕೆ ಬೇಜಾರಾ? ಆ ಕಾವಲಿನವ್ರು ತಮ್ಮದೇ ತಪ್ಪು ಅಂತ ಹೇಳಿ ಹೋದ್ರು. ಬಿಡಿ ಅದನ್ನ."

"ಬ್ರೇಕ್ ಹಾಕಿದ್ದು ನಾನಲ್ಲಮ್ಮ. ಲಾರಿ. ನಂಗೆ ಎಡಗಡೆ ಕಾಣ್ತಿಲ್ಲ."

ಅವಳು ಹೊರಗೆ ನಿಂತಿದ್ದ ಲಾರಿಯತ್ತ ನೋಡಿದಳು. ಆಮೇಲೆ ದನಿ ತಗ್ಗಿಸಿ, "ಮೀನು ತುಂಬಿಸಿ ಆಗಿದೆ, ಹೊನ್ಮಾ ಅವ್ರೇ. ಕಳ್ಸೋಕೆ ನನ್ಹತ್ರ ಜನ ಇಲ್ಲ. ಇವತ್ತೊಂದು ದಿನ ಹೋಗ್ಬನ್ನಿ, ನಾಳೆ ಡಾಕ್ಟ್ರಿಗೆ ತೋರ್ಸೋಣ. ಲಾರಿ ಇದೆಯಲ್ಲ, ಅದು ನೋಡ್ಕೊಳ್ಳುತ್ತೆ" ಎಂದಳು.

"ಅದೇ ನೋಡ್ಕೊಳ್ಳೋದಾದ್ರೆ ದಿನಾ ಬೆಳಿಗ್ಗೆ ನನ್ನ ಯಾಕಮ್ಮ ಕೇಳ್ತೀಯ?"

ಹೊನ್ಮಾ ಕೀಲಿಯನ್ನು ಕಟ್ಟೆಯ ಮೇಲಿಟ್ಟು, ಕೈಗವಸು ಕಳಚಿ ಅದರ ಪಕ್ಕ ಮಡಚಿಟ್ಟ. ಕೊನೆಗೆ ಅವಳು ಜಾಕೆಟ್ಟು ಹಾಕಿಕೊಂಡು ತಾನೇ ಕೀಲಿ ಎತ್ತಿಕೊಂಡಳು. ದೊಡ್ಡ ಲಾರಿಯ ಪರವಾನಗಿ ಅವಳಿಗೂ ಇತ್ತು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವನು ಇವನೇ.

ಹೊನ್ಮಾ ನಡೆದುಕೊಂಡು ಮೂಲೆಗೆ ಬಂದ. ಅವನು ನಡೆದು ಬರುವುದನ್ನು ಕಂಡು ಕಜಾಮಾ ಕೋಲೆತ್ತಿ, "ಏನಯ್ಯಾ, ಲಾರಿ ಮಾರ್ಬಿಟ್ಯಾ?" ಎಂದು ಕೂಗಿದ.

"ನಿನ್ನೆ ನಾನು ನಿನ್ನ ನೋಡ್ಲೇ ಇಲ್ಲ ಕಣೋ."

"ಏನು?"

"ಕಣ್ಣು ಹೋಗಿದೆ. ಲಾರಿ ತಾನೇ ನಿಂತ್ಕೊಳ್ತು."

ಕಜಾಮಾನ ಮುಖದ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. "ಮತ್ತೆ ಬೆರಳು?"

"ಅದು ಅಭ್ಯಾಸ."

ಪೈಪಿನ ಗುಂಡಿಯೊಳಗೆ ಯಾರೋ ಸಲಿಕೆಯಿಂದ ಕೆರೆಯುತ್ತಿದ್ದರು. ಕಜಾಮಾ ಬಹಳ ಹೊತ್ತು ಅತ್ತಲೇ ನೋಡಿದ.

"ಇದನ್ನ ನಂಗೆ ಹೇಳ್ಲೇಬೇಕಿತ್ತೇನೋ?" ಎಂದ ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೊನ್ಮಾನ ಕರುಳಿಗೆ ಕೈಹಾಕಿದ್ದು. "ಲಾರಿಯಿಂದ ಇಳಿದ್ಮೇಲೆ ಈ ಐದು ವರ್ಷದಲ್ಲಿ ನಿನ್ನೆ ಒಂದೇ ರಾತ್ರಿ ನೆಮ್ಮದಿಯಾಗಿ ಮಲಗಿದ್ದೆ. ಸರಿಯಾದೋನ ಕೈಯಲ್ಲಿ ಇಳಿಸ್ಕೊಂಡೆ ಅಂತ."

ಹೊನ್ಮಾನ ಕಣ್ಣು ತುಂಬಿತು. ಕ್ಷಮೆ ಕೇಳಲು ಬಂದವನು, ಒಂದು ಹೆಜ್ಜೆ ಮುಂದಿಟ್ಟು ತಲೆಬಾಗಿಸಿದ.

ಕಜಾಮಾ ಥಟ್ಟನೆ ಅವನ ತೋಳು ಹಿಡಿದು ಹಿಂದಕ್ಕೆಳೆದ. "ಈಚೆ ಸರಿಯೋ! ಬರ್ತಿದೆ!"

ಎಡಗಡೆಯಿಂದ ಬಿಳಿ ಗೋಡೆಯೊಂದು ಇದ್ದಕ್ಕಿದ್ದಂತೆ ಎದ್ದು ಮುಖದ ಮುಂದೆ ಹಾದುಹೋಯಿತು. ದಿನವೂ ತಾನೇ ಒರೆಸುತ್ತಿದ್ದ ಕನ್ನಡಿ ಕಂಡಾಗಲೇ ಅದು ತನ್ನ ಲಾರಿ ಎಂದು ಹೊನ್ಮಾನಿಗೆ ತಿಳಿದದ್ದು. ಕಜಾಮಾ ಒಂದು ಕೈಯಲ್ಲಿ ಕೋಲು ಇಳಿಸಿ ಲಾರಿಗೆ ಸೊಂಟ ಬಗ್ಗಿಸಿದ. ಇನ್ನೊಂದು ಕೈ ಹೊನ್ಮಾನ ತೋಳನ್ನು ಹಿಡಿದೇ ಇತ್ತು. ಲಾರಿ ಮುಂದಿನ ಸೇತುವೆ ದಾಟಿ ಹೋದಮೇಲೂ ಕಜಾಮಾ ಆ ತೋಳನ್ನು ಬಿಡಲಿಲ್ಲ.