ಕರೆಂಟಿನೊಳಗಿನ ಗುಂಯ್

ಕಾಲುವೆಗೆ ನೀರು ಬಿಟ್ಟ ಎರಡನೇ ವರ್ಷ ಕಕ್ಕೇರಾದ ಚಂದ್ರಾಮಪ್ಪ ಮಾಸ್ತರರು ಹೈದರಾಬಾದಿನಿಂದ ಒಂದು ದೊಡ್ಡ ಟೇಪ್‌ರೆಕಾರ್ಡರ್ ತಂದರು. ಅದು ಕರೆಂಟಿನ ಮೇಲೂ ನಡೆಯುತ್ತಿತ್ತು, ಎಂಟು ಶೆಲ್ ಹಾಕಿದರೂ ನಡೆಯುತ್ತಿತ್ತು. ಒಂದು ವಾರ ಕಿವಿಗೊಟ್ಟು ಕೇಳಿದ ಮೇಲೆ ಅವರಿಗೆ ಅನುಮಾನ ಶುರುವಾಯಿತು. ಕರೆಂಟಿನ ಮೇಲೆ ಹಚ್ಚಿದರೆ ಕ್ಯಾಸೆಟ್ಟಿನ ತತ್ವಪದದ ಹಿಂದೆ ‘ಗುಂಯ್’ ಎಂಬ ಸದ್ದು. ಕರೆಂಟು ಹೋದಾಗ ಶೆಲ್ ಹಾಕಿ ಹಚ್ಚಿದರೆ ಆ ಸದ್ದು ಮಾಯ, ಏಕತಾರಿಯ ಒಂದೊಂದು ಮೀಟೂ ಬಿಡಿಬಿಡಿಯಾಗಿ ಕೇಳುತ್ತಿತ್ತು.

“ಕರೆಂಟ್ ಹೊಲಸಿರ್ತದ,” ಎಂದು ಅವರು ಹೆಂಡತಿ ಮರಿಲಿಂಗಮ್ಮನಿಗೆ ತಿಳಿಸಿ ಹೇಳಿದರು. “ಎಷ್ಟ್ ಊರ ಹಾದು ಬರ್ತದ ನೋಡು. ಶೆಲ್ಲಿಂದು ಹಂಗಲ್ಲ, ಡಬ್ಬಿಯೊಳಗಿನ ತುಪ್ಪ ಇದ್ದಂಗ.”

“ಹಂಗಾದ್ರ ಕರೆಂಟಿಗಿ ಒಂದು ಅರಿವಿ ಕಟ್ಟಿ ಸೋಸ್ರಿ,” ಎಂದಳು ಆಕೆ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಶೆಲ್ ನಾಲ್ಕೇ ದಿನಕ್ಕೆ ಮುಗಿಯುತ್ತಿದ್ದವು. ಮಾಸ್ತರರು ಮನೆಯ ಕೈಬ್ಯಾಟರಿಯ ಶೆಲ್ಲನ್ನೂ ಕಿತ್ತು ಹಾಕಿದರು. ಆ ಸಂಜೆ ಹಿತ್ತಲಿಗೆ ಹೋದ ಮರಿಲಿಂಗಮ್ಮ ಕತ್ತಲಲ್ಲಿ ಮಲಗಿದ್ದ ಎಮ್ಮೆಯ ಮೇಲೆ ಬಿದ್ದಳು. ಎಮ್ಮೆ ಎರಡು ದಿನ ಹಾಲು ಕೊಡಲಿಲ್ಲ. ಮನೆಗೆ ಇನ್ನು ಶೆಲ್ ತರಕೂಡದೆಂದು ಆಕೆ ಕಟ್ಟಪ್ಪಣೆ ಮಾಡಿದಳು.

ಮಾಸ್ತರರು ಲೆಕ್ಕ ಹಾಕಿದರು. ಎಂಟು ಶೆಲ್ಲಿಗೆ ಹನ್ನೆರಡು ವೋಲ್ಟು, ಟ್ರ್ಯಾಕ್ಟರ್ ಬ್ಯಾಟರಿಗೂ ಹನ್ನೆರಡೇ. ಮರಿಲಿಂಗಮ್ಮನ ತಮ್ಮ ತಾಯಪ್ಪ ಭತ್ತದ ಗದ್ದೆಗೆಂದು ಹೊಸ ಟ್ರ್ಯಾಕ್ಟರ್ ಕೊಂಡಿದ್ದ. ರವಿವಾರ ಬೆಳಿಗ್ಗೆ ಅವನು ಬ್ಯಾಟರಿ ಬಿಚ್ಚಿ ಹೆಗಲ ಮೇಲೆ ಹೊತ್ತು ತಂದ. ಕರೆಂಟು ಇತ್ತು, ಆದರೂ ಮಾಸ್ತರರು ಅದರ ಗೊಡವೆಗೆ ಹೋಗದೆ ಬ್ಯಾಟರಿಗೆ ವೈರು ಜೋಡಿಸಿ, ಕ್ಯಾಸೆಟ್ ಹಾಕಿ, ಕಣ್ಣು ಮುಚ್ಚಿ ಕುಳಿತರು.

ಗುಂಯ್ ಎಂದಿತು.

ಮಾಸ್ತರರ ಮುಖ ಬಾಡಿತು. “ಟ್ರ್ಯಾಕ್ಟರಿನ ಸಪ್ಪಳ ಬ್ಯಾಟರಿಯೊಳಗ ಕುಂತದ, ತಾಯಪ್ಪ,” ಎಂದರು.

ತಾಯಪ್ಪನಿಗೆ ಅವಮಾನವಾಯಿತು. “ನಮ್ಮ ಟ್ರ್ಯಾಕ್ಟರ್ ಗುಂಯ್ ಅನ್ನಂಗಿಲ್ರಿ ಮಾಮಾ. ಡಗಡಗ ಅಂತದ. ಬೇಕಾದ್ರ ಊರ ಮಂದೀನ ಕೇಳ್ರಿ.”

ಇಬ್ಬರ ವಾದ ಕೇಳಿ ಸಾಕಾದ ಮರಿಲಿಂಗಮ್ಮ ಬಂದು ಟೇಪನ್ನೇ ಬಂದ್ ಮಾಡಿದಳು. ಹಾಡು ನಿಂತಿತು. ಗುಂಯ್ ನಿಲ್ಲಲಿಲ್ಲ.

ಮೂವರೂ ಕಿವಿಗೊಟ್ಟರು. ಸದ್ದು ಹಿತ್ತಲ ಗೋಡೆಯ ಆಚೆಯಿಂದ ಬರುತ್ತಿತ್ತು. ಅಲ್ಲಿರುವುದು ಲಾಡ್ಲೇಸಾಬನ ಹಿಟ್ಟಿನ ಗಿರಣಿ. ಕರೆಂಟಿದ್ದಾಗ ತಿರುಗುತ್ತದೆ, ಹೋದಾಗ ನಿಲ್ಲುತ್ತದೆ. ಹನ್ನೆರಡು ವರ್ಷದಿಂದ ಅದರ ಪಕ್ಕದಲ್ಲೇ ಇದ್ದು ಇದ್ದು ಮನೆಯವರ ಕಿವಿಗೆ ಅದು ಸದ್ದೇ ಆಗಿರಲಿಲ್ಲ.

ಮಾಸ್ತರರು ಅಂಗಿ ಹಾಕಿಕೊಂಡು ಗಿರಣಿಗೆ ಹೋದರು. ಮೈತುಂಬ ಹಿಟ್ಟು ಮೆತ್ತಿಕೊಂಡಿದ್ದ ಲಾಡ್ಲೇಸಾಬ ಎಲ್ಲವನ್ನೂ ಕೇಳಿಕೊಂಡು, “ನೀವು ಟೇಪ್ ತಂದಾಗಿಂದ ನನಗೂ ಒಂದು ತಕರಾರ್ ಅದರಿ ಮಾಸ್ತರ,” ಎಂದ. “ಗಿರಣಿ ಸಪ್ಪಳದಾಗ ನಿಮ್ಮ ಹಾಡು ಒಂದೂ ತಿಳಿಯಂಗಿಲ್ಲ. ಜರಾ ಜೋರ್ ಇಡ್ರಿ ಅಂತ ಹೇಳಬೇಕಂತ ಮಾಡಿದ್ದೆ.”

ಕೊನೆಗೆ ರಾಜಿಯಾಯಿತು. ರವಿವಾರ ಮಧ್ಯಾಹ್ನ ಅರ್ಧ ತಾಸು ಗಿರಣಿ ಬಂದ್, ಮಾಸ್ತರರ ಕಟ್ಟೆಯ ಮೇಲೆ ಟೇಪು ಚಾಲೂ.

ಮುಂದಿನ ರವಿವಾರ ಗಿರಣಿ ನಿಂತಿತು. ಲಾಡ್ಲೇಸಾಬ ಕೈ ತೊಳೆದುಕೊಂಡು ಬಂದು ಕಟ್ಟೆಯ ಮೂಲೆಯಲ್ಲಿ ಕುಳಿತ. ಅವನ ಹಿಂದೆಯೇ ಜೋಳದ ಬುಟ್ಟಿ ಹೊತ್ತು ಪಾಳಿಗೆ ಕಾಯುತ್ತಿದ್ದ ಹದಿನಾಲ್ಕು ಹೆಂಗಸರೂ ಬಂದು ನೆರಳಿಗೆ ಕುಳಿತರು. ಕರೆಂಟಿನ ಮೇಲೆ ಹಾಡು ಶುರುವಾಯಿತು. ಹೆಂಗಸರು ಮೊದಲು ತಾಯಪ್ಪನ ಟ್ರ್ಯಾಕ್ಟರ್ ಬಗ್ಗೆ, ಆಮೇಲೆ ಯಾರದೋ ಸೊಸೆಯ ಬಗ್ಗೆ, ಆಮೇಲೆ ಎಲ್ಲರೂ ಕೂಡಿ ಎಲ್ಲದರ ಬಗ್ಗೆ ಮಾತಾಡಿದರು. ಏಕತಾರಿ ಇತ್ತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ.

“ಹೆಂಗ್ ಕೇಳಾಕತ್ತದರಿ?” ಎಂದು ಮರಿಲಿಂಗಮ್ಮ ಗಂಡನ ಕಿವಿಯ ಹತ್ತಿರ ಬಾಯಿಟ್ಟು ಕೇಳಿದಳು.

ಮಾಸ್ತರರು ಕಣ್ಣು ಮುಚ್ಚಿಕೊಂಡೇ, “ಗುಂಯ್ ಇಲ್ಲ ನೋಡು,” ಎಂದರು.