ಲಾಡಿ ಕೂರುವ ಜಾಗ

“ಇನ್ನೊಂದು ಚೊಂಬು ಹಾಕಿ ಅಮ್ಮ,” ಎಂದು ಶೃತಿ ಹೆಣದ ಬೆನ್ನನ್ನು ತನ್ನ ತೊಡೆಗೆ ಆನಿಸಿಕೊಂಡಳು. ತಗಡೂರಿನ ಮನೆಯ ಹಿತ್ತಲಲ್ಲಿ ಎರಡು ಸೀರೆ ಅಡ್ಡ ಕಟ್ಟಿ ಡಾಕ್ಟರ್ ಸಂಘಮಿತ್ರಾಗೆ ಕೊನೆಯ ನೀರು ಹಾಕುತ್ತಿದ್ದರು. ಇನ್ನೂ ಐವತ್ತು ತುಂಬದ ಗಟ್ಟಿ ಹೆಂಗಸು, ನಿನ್ನೆ ಕ್ಲಿನಿಕ್ಕಿಗೆ ಹೊರಟು ಚಪ್ಪಲಿ ಮೆಟ್ಟುವಾಗ ಎದೆ ಹಿಡಿದುಕೊಂಡು ಕುಸಿದವಳು ಏಳಲಿಲ್ಲ. ನೀರು ಹಾಕುತ್ತಿದ್ದವಳು ಡಾಕ್ಟರ ತಾಯಿ ಪಾಪಮ್ಮ. ಇಂಥ ಕೆಲಸ ಯಾವ ಹೆತ್ತವಳಿಗೂ ಬರಬಾರದು.

ಹಂಡೆಗೆ ಬಗ್ಗಿದ ಪಾಪಮ್ಮ ಬಲಸೊಂಟ ಒತ್ತಿ ಹಿಡಿದು ಹಾಗೇ ನಿಂತಳು. ಒದ್ದೆ ಸೀರೆಯ ಮೇಲೆ, ಲಂಗದ ಲಾಡಿ ಕೂರುವ ಜಾಗದಲ್ಲಿ, ರಕ್ತ ಬೆರೆತ ಕೀವಿನ ಕಲೆ ಹರಡಿತ್ತು. ಶೃತಿ ಬಹಳ ವರ್ಷ ಡಾಕ್ಟರ ಜೊತೆ ನರ್ಸಾಗಿ ದುಡಿದವಳು. ಕಂಡ ಕೂಡಲೇ ಅದೇನೆಂದು ಅವಳಿಗೆ ಗೊತ್ತಾಯಿತು.

ಅಡ್ಡ ಕಟ್ಟಿದ ಸೀರೆಯ ಆಚೆ ಕಳಲೆಯ ಚನ್ನಾಜಮ್ಮ ಗೋಳಾಡುತ್ತಿದ್ದಳು. “ನನ್ ಸೊಂಟದ ಉಣ್ಣು ಕುಯ್ದು ಜೀವ ಉಳಿಸ್ದ ಡಾಕ್ಟ್ರವ್ವ ಕಣ್ರಪ್ಪಾ! ಲಾಡಿ ಬಿಗ್ಯಾಗ್ ಕಟ್ಬ್ಯಾಡ್ರೀ ಅಂತ ಊರೂರಲ್ ಬಡ್ಕಂಡ್ಳಲ್ಲಾ, ಇನ್ ಯಾರ್ ಯೋಳ್ತಾರೆ?”

ಪಾಪಮ್ಮ ಸೆರಗೆಳೆದು ಕಲೆ ಮುಚ್ಚಿಕೊಂಡು ಮತ್ತೆ ಚೊಂಬು ಎತ್ತಿದಳು.

*

ನಂಜನಗೂಡಿನ ಕ್ಲಿನಿಕ್ಕಿನ ಬೋರ್ಡಿನಲ್ಲಿ ಮೊಡವೆ, ಬಂಗು, ಮುಖದ ಹೊಳಪು ಎಂದು ದಪ್ಪಕ್ಷರದಲ್ಲಿತ್ತು. ಚರ್ಮದ ಕ್ಯಾನ್ಸರಿನ ಆಪರೇಷನ್ನು ಕೆಳಗೆ ಮೂಲೆಯಲ್ಲಿ. ಆ ಹೆಸರು ಕಂಡರೆ ಜನ ಮೆಟ್ಟಿಲೇ ಹತ್ತುವುದಿಲ್ಲ. ಮದುವೆ ಗೊತ್ತಾದ ಹುಡುಗಿಯರು ಬೆಳ್ಳಗಾಗಲು ಬರುತ್ತಿದ್ದರು, ಜೊತೆಗೆ ಅವರ ಅಮ್ಮಂದಿರು. ಹುಡುಗಿಗೆ ಕ್ರೀಮು ಬರೆದುಕೊಟ್ಟು ಹೊರಗೆ ಕಳಿಸಿ, ಡಾಕ್ಟರು ಬಾಗಿಲು ಹಾಕಿ ಅಮ್ಮನ ಕಡೆ ತಿರುಗುತ್ತಿದ್ದಳು.

“ಈಗ ನಿಮ್ ಸರದಿ. ಲಾಡಿ ಸಡಿಲ ಮಾಡಿ.”

ನಾಚಿ ನೀರಾಗುವವರನ್ನು ಬೈದು, ನಗಿಸಿ, ಪೂಸಿ ಹೊಡೆದು ನೋಡಿಯೇ ಬಿಡುತ್ತಿದ್ದಳು. ವರ್ಷಗಟ್ಟಲೆ ಲಾಡಿ ಉಜ್ಜಿ ಕಪ್ಪಾದ ಚರ್ಮ ಹುಣ್ಣಾಗಿ, ಮಾಯದೆ, ಕ್ಯಾನ್ಸರಾಗುವುದುಂಟು. ಬೇಗ ಸಿಕ್ಕರೆ ಕತ್ತರಿಸಿ ತೆಗೆದು ಹೊಲಿದುಬಿಡುತ್ತಿದ್ದಳು.

ಒಮ್ಮೆ ಊಟಕ್ಕೆ ಕೂತಾಗ ತಾಯಿಗೂ ಹೇಳಿದ್ದಳು. “ಅವ್ವಾ, ನಿನ್ ಸೊಂಟ ತೋರ್ಸು, ನೋಡಾನ.”

“ಥೂ, ಓಗೇ! ಎತ್ತವಳ ಸೊಂಟ ನೋಡ್ತಾಳಂತೆ!”

ಮಗಳು ನಕ್ಕು ಊಟ ಮುಂದುವರಿಸಿದಳು. ಊರ ಹೆಂಗಸರ ಮೇಲೆ ನಡೆಯುತ್ತಿದ್ದ ಜಬರ್ದಸ್ತು ಅವ್ವನ ಮುಂದೆ ನಡೆಯಲಿಲ್ಲ.

*

ಬಿಳಿ ಸೀರೆ ಉಡಿಸಿ ಹೆಣವನ್ನು ನಡುಮನೆಗೆ ತಂದ ಮೇಲೆ ಶೃತಿ ಪಾಪಮ್ಮನನ್ನು ಕೊಟ್ಟಿಗೆಗೆ ಎಳೆದುಕೊಂಡು ಹೋದಳು.

“ಯಾವಾಗಿಂದ ಇದೆ ಅಮ್ಮ? ತೋರ್ಸಿ.”

“ಏನಿಲ್ಲ, ಬುಡು.”

“ನಾಳೆನೇ ಮೈಸೂರಿಗೆ ಹೋಗೋಣ. ನಾನೇ ಕರ್ಕೊಂಡು ಹೋಗ್ತೀನಿ. ನಿಮ್ ಕಾಲಿಗೆ ಬೀಳ್ತೀನಿ.”

“ನನ್ ಮಗಳ್ಗೇ ತೋರ್ಸ್ಲಿಲ್ಲ, ಇನ್ಯಾರ್ಗ್ ತೋರ್ಸ್ಲಿ?” ಎಂದಳು ಪಾಪಮ್ಮ. “ತೋರ್ಸ್ಬೇಕು ಅಂತ್ಲೇ ನರಸೀಪುರಕ್ ಬಂದಿದ್ದೆ ಕಣ್ಮಗ. ಬೆಂಚ್ ಮ್ಯಾಲ್ ಕುಂತಿದ್ದೆ. ನೀನೇ ಬಂದು ಒಳಕ್ ಕರ್ದೆ.”

ಶೃತಿಗೆ ಆ ಮಂಗಳವಾರ ನೆನಪಾಯಿತು.

*

ಹೋದ ಬೇಸಿಗೆಯಲ್ಲಿ. ಮಂಗಳವಾರ ಡಾಕ್ಟರು ತಿ. ನರಸೀಪುರದಲ್ಲಿ ಕೂರುತ್ತಿದ್ದಳು. ಮನೆಯಲ್ಲಿ ಮಗಳ ಮುಂದೆ ಲಾಡಿ ಬಿಚ್ಚುವುದು ಪಾಪಮ್ಮನಿಂದ ಆಗಲಿಲ್ಲ. ಎಲ್ಲರಂತೆ ಸರದಿಯಲ್ಲಿ ಹೋದರೆ ಅವಳು ಡಾಕ್ಟರು, ತಾನೊಬ್ಬಳು ರೋಗಿ, ನಾಚಿಕೆ ಏಕೆ ಎಂದುಕೊಂಡು ಬಸ್ಸು ಹತ್ತಿದ್ದಳು.

“ಅಯ್ಯೋ, ಡಾಕ್ಟ್ರ ತಾಯಿ ಹೊರಗೆ ಕೂರೋದಾ?” ಎಂದು ಶೃತಿ ಕೈಹಿಡಿದು ಒಳಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂರಿಸಿ ಕಾಫಿ ಕೊಟ್ಟಳು. ಅಲ್ಲಿಗೆ ಸರದಿ ಬರುವುದಿಲ್ಲ.

ನಡುವೆ ಮಗಳು ಇಣುಕಿದಳು. “ಅವ್ವಾ, ಒಳೆ ನೀರ್ ನೋಡಾಕ್ ಬಂದ್ಯಾ? ಜನ ತುಂಬ್ಕೊಂಡವ್ರೆ, ಸಂಜೆ ಮಾತಾಡಾನ.”

ಸಂಜೆ ಕಾರು ಹತ್ತಿದ ಕೂಡಲೇ ಅವಳಿಗೆ ನಿದ್ದೆ. ಮನೆ ಬರುವವರೆಗೂ ಪಾಪಮ್ಮ ಮಗಳ ತಲೆಯನ್ನು ಭುಜಕ್ಕೆ ಆನಿಸಿಕೊಂಡು ಅಲುಗಾಡದೆ ಕೂತಿದ್ದಳು. ಎಬ್ಬಿಸುವ ಮನಸ್ಸಾಗಲಿಲ್ಲ.

*

“ಒತ್ತಾಯ್ತು, ಎತ್ತಾನ,” ಎಂದ ನಂಜೇಶ್, ಪಾಪಮ್ಮನ ಕಿರಿಮಗ. ತೋಟದಲ್ಲಿ ಅಪ್ಪನ ಸಮಾಧಿಯ ಪಕ್ಕದಲ್ಲೇ ಅಕ್ಕನಿಗೆ ಗುಂಡಿ ತೋಡಿಸಿ ಬಂದಿದ್ದ.

“ಒಂದ್ಗಳ್ಗೆ ಎಲ್ಲಾರೂ ಆಚೆ ಓಗಿ,” ಎಂದಳು ನಡುಮನೆಗೆ ಬಂದ ಪಾಪಮ್ಮ.

ಜನ ಹೊರಗೆ ಹೋದರು. ಶೃತಿ ಮಾತ್ರ ಕದಲಲಿಲ್ಲ. ಅವಳೇ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

ಪಾಪಮ್ಮ ಮಗಳ ಪಕ್ಕ ಮಂಡಿಯೂರಿದಳು. ತನ್ನ ಲಾಡಿಯ ಒದ್ದೆ ಗಂಟು ಬಿಚ್ಚಲು ಬಾರದೆ ಉಗುರು ಹಾಕಿ ಎಳೆದಳು. ಲಂಗ ಜಾರಿತು. ಹುಣ್ಣು ಅಂಗೈಯಗಲ ಇತ್ತು, ಅಂಚು ಗಡುಸಾಗಿ ಮೇಲೆದ್ದಿತ್ತು. ಇಷ್ಟಾದ ಮೇಲೆ ಬಂದವರಿಗೆ ಡಾಕ್ಟರು ಏನು ಹೇಳುತ್ತಿದ್ದಳೆಂದು ಶೃತಿಗೆ ಗೊತ್ತಿತ್ತು. ಅವಳು ಬಾಯಿಗೆ ಸೆರಗು ತುರುಕಿಕೊಂಡಳು.

“ತಕ್ಕಳವ್ವ, ನೋಡು,” ಎಂದಳು ಪಾಪಮ್ಮ. “ನೋಡ್ಬುಟ್ಟು ಅದೇನ್ ಬೈತೀಯೋ ಬೈಯಿ.”

ಹೊರಗೆ ಬುದ್ಧಂ ಶರಣಂ ಗಚ್ಛಾಮಿ ಶುರುವಾಯಿತು. ನಂಜೇಶ್ ಬಾಗಿಲು ಬಡಿಯುತ್ತಿದ್ದ. ಪಾಪಮ್ಮ ಮಗಳ ಬಲಗೈಯನ್ನು ಎಳೆದು ಸೊಂಟಕ್ಕೆ ತಂದಳು. ಸೆಟೆದ ಬೆರಳುಗಳು ಬಿಡಿಸಿಕೊಳ್ಳಲಿಲ್ಲ. ಅವಳು ಅವನ್ನು ಒಂದೊಂದಾಗಿ ನೀವಿ ನೀವಿ, ಹುಣ್ಣಿನ ಅಂಚಿನ ಮೇಲೆ ಕೂರಿಸುತ್ತಿದ್ದಳು.