ಕೆಂಪು ಪಟ್ಟಿ ಕಾಣದ ಸಂಜೆ

ಗಜೇಂದ್ರಗಡದ ಗುಡ್ಡದ ಕೆಳಗೆ ಹೊಸದಾಗಿ ಶುರುವಾದ ಪಾರ್ಕಿನವರು ಫೋಟೋ ತೆಗೆಯಲು ಕರೆದಾಗ ಶಾಂಭವಿಗೆ ಮೊದಲು ನಂಬಿಕೆಯೇ ಬರಲಿಲ್ಲ. ನರೇಗಲ್ಲಿನಲ್ಲಿ ಅವಳದೊಂದು ಸಣ್ಣ ಸ್ಟುಡಿಯೋ. ಮದುವೆ, ಬಸುರಿಯರ ಕುಬಸ, ಹೊಸ ಮನೆಯ ಪೂಜೆ, ಶಾಲೆಯ ಗ್ರೂಪ್ ಫೋಟೋ, ಇಷ್ಟೇ ಅವಳ ಕೆಲಸ. ಪಾರ್ಕಿನ ಮ್ಯಾನೇಜರ್ ಹಾಲೇಶ ಯಾರದೋ ಮದುವೆ ಆಲ್ಬಮ್ಮಿನಲ್ಲಿ ಅವಳ ಕೈಚಳಕ ನೋಡಿದ್ದನಂತೆ.

"ನಮಗ ಕತ್ತಲಾದ ಮ್ಯಾಲಿನ ಫೋಟೋ ಬೇಕ್ರಿ. ಲೈಟ್ ಹತ್ತಿದಾಗ ನಮ್ಮ ಪಾರ್ಕ್ ನೋಡಬೇಕು. ರೋಣ, ನರಗುಂದ, ಎಲ್ಲಾ ಕಡೆ ಬಸ್ ಸ್ಟ್ಯಾಂಡಿನ್ಯಾಗ ದೊಡ್ಡ ಬೋರ್ಡ್ ಹಾಕ್ತೀವಿ. ತೆಳಗ ನಿಮ್ಮ ಹೆಸರೂ ಬರ್ತೈತಿ," ಎಂದ ಫೋನಿನಲ್ಲಿ.

ಹೆಸರು ಬರುತ್ತದೆ ಎಂದದ್ದು ಅವಳಿಗೆ ತಟ್ಟಿತು. ಸಂಜೆಯಾಗುವ ಮೊದಲೇ ಸ್ಕೂಟಿ ಹತ್ತಿ ಹೊರಟಳು.

ಮೊದಲನೆಯ ಸಂಜೆ ಚೆನ್ನಾಗಿಯೇ ಕಳೆಯಿತು. ಕಾರಂಜಿಯ ನೀರು ಹಾಡಿಗೆ ಕುಣಿಯುವುದನ್ನು, ತಿರುಗುವ ತೊಟ್ಟಿಲು ಆಕಾಶದಲ್ಲಿ ಬಣ್ಣದ ಬಳೆಯಾಗುವುದನ್ನು, ಅದರ ಹಿಂದೆ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪ ಮಿನುಗುವುದನ್ನು ತೆಗೆದಳು. ಕಾರಂಜಿಗೆ ಹಾಕಿದ್ದ ಡಿಜೆ ಲೈಟು ಹತ್ತಿ ಆರಿ, ಹತ್ತಿ ಆರಿ ನೀರಿನ ಒಂದೊಂದು ಹನಿಯನ್ನೂ ಗಾಳಿಯಲ್ಲಿ ನಿಲ್ಲಿಸಿದಂತೆ ತೋರಿಸುತ್ತಿತ್ತು. ಹಾಲೇಶ ಕ್ಯಾಮೆರಾದ ಹಿಂದೆ ಬಗ್ಗಿ ನೋಡಿ, "ಅಬಾಬಾ! ಇದ ನೋಡ್ರಿ ಬೇಕಾಗಿದ್ದು. ನಾಳೆ ಇದ ಲೈಟ್ ಬಾವ್ಯಾಗ ಹಾಕಸ್ತೀನಿ," ಎಂದ.

ಬಾವಿ ಎಂದರೆ ಮೌತ್ ಕಾ ಕುವಾ, ಸಾವಿನ ಬಾವಿ. ಹಲಿಗೆಗಳನ್ನು ಜೋಡಿಸಿ ಕಟ್ಟಿದ ಎತ್ತರದ ದುಂಡನೆಯ ಗೋಡೆ. ಅದರ ಒಳಮೈಮೇಲೆ ಮೋಟರ್ ಸೈಕಲ್ ಹತ್ತಿಸಿ ಗಿರಗಿರ ಸುತ್ತುವ ಆಟ. ಜನ ಹೊರಗಿನ ಮೆಟ್ಟಿಲು ಹತ್ತಿ, ಮೇಲಿನ ಅಂಚಿನಲ್ಲಿ ನಿಂತು ಕೆಳಗೆ ಇಣುಕಿ ನೋಡಬೇಕು. ಅದರ ಮಾಲೀಕ ಮುಶಿಗೇರಿಯ ಮುರ್ತುಜಾಸಾಬ. ಊರೂರು ಬಾವಿ ಹೊತ್ತು ತಿರುಗಿ ಸಾಕಾಗಿದ್ದ ಮುದುಕ ಈ ಸಲ ಪಾರ್ಕಿನವರ ಜೊತೆ ಮಾತಾಡಿಕೊಂಡು ಒಂದೇ ಕಡೆ ನಿಂತಿದ್ದ. ಗಾಡಿ ಓಡಿಸುವವಳು ಅವನ ಮಗಳು ಇಷ್ರತ.

ಮರುದಿನ ಸಂಜೆ ಶಾಂಭವಿ ಹೋದಾಗ ಇಷ್ರತ ಬಾವಿಯ ಹಿಂದೆ ಗಾಡಿಯ ಚೈನಿಗೆ ಎಣ್ಣೆ ಬಿಡುತ್ತಿದ್ದಳು. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಇಷ್ರತ ಕೂದಲನ್ನು ಬಿಗಿಯಾಗಿ ಗಂಟು ಹಾಕಿ, ಓಢಣಿಯನ್ನು ಸೊಂಟಕ್ಕೆ ಸುತ್ತಿದ್ದಳು. ಕ್ಯಾಮೆರಾ ನೋಡಿದವಳೇ ಎದ್ದು ಬಂದಳು.

"ಅಕ್ಕಾರ, ಫೋಟೋ ತೆಗಿಯಾಕ ಬಂದವರು ನೀವ ಏನ್ರಿ? ಒಂದ್ ಮಾತೈತಿ. ಆ ಮಿಣಕು ಲೈಟ್ ಬ್ಯಾಡ ಅಂತ ಹೇಳ್ರಿ."

"ಯಾಕ್ರಿ?"

"ಮಧ್ಯಾಹ್ನ ಮ್ಯಾಲ ತಾಡಪತ್ರಿ ಹೊಚ್ಚಿ, ಬಾಗಲಾ ಮುಚ್ಚಿ ಹಚ್ಚಿ ತೋರಿಸಿದ್ರು. ಹಲಿಗಿ ನಿಂತಲ್ಲೆ ನಿಂತಂಗ ಕಾಣ್ತೈತಿ, ಮತ್ತ ಒಮ್ಮಿಗೇ ಮುಂದ ಜಿಗದಂಗ ಕಾಣ್ತೈತಿ. ಮ್ಯಾಲ ಕೆಂಪು ಪಟ್ಟಿ ಐತಲ್ರಿ, ಅದನ್ನ ನೋಡೇ ನಾ ಎಷ್ಟು ಮ್ಯಾಲ ಹೋಗೇನಿ ಅಂತ ತಿಳ್ಕೊಳ್ಳೂದು. ಅದ ಕಾಣಲಿಲ್ಲಂದ್ರ ಗಾಡಿ ಅಂಚು ದಾಟಿ ಹೋಗ್ತೈತಿ."

"ಹಾಲೇಶ ಸರ್‍ಗೆ ಹೇಳಿಲ್ಲೇನು?"

"ನಮ್ಮ ಅಬ್ಬಾ ಹೇಳ್ಯಾರ, ನಾನೂ ಹೇಳೇನಿ. ಹೆದರತೀಯೇನ ಅಂತ ನಗ್ತಾರ. ನೀವು ಫೋಟೋದವರು. ಆ ಲೈಟಿನ್ಯಾಗ ಫೋಟೋ ಚಲೋ ಬರಂಗಿಲ್ಲ ಅಂದ್ರ ಕೇಳ್ತಾರ. ಅಷ್ಟ ಅಂದುಬಿಡ್ರಿ."

ಶಾಂಭವಿ ಆಗಲಿ ಎಂದಳು. ಟಿಕೆಟ್ ಕಿಟಕಿಯ ಹತ್ತಿರ ಹಾಲೇಶ ಸಿಕ್ಕಾಗ ಹೇಳಿಯೂ ಹೇಳಿದಳು. ಅವನು ಒಂದು ಗಳಿಗೆ ಅವಳ ಮುಖ ನೋಡಿ ನಕ್ಕ.

"ನಿನ್ನೆ ಕಾರಂಜಿಗೆ ಇದ ಲೈಟ್ ಇತ್ತಲ್ರಿ. ಎಷ್ಟ್ ಚಂದ ಬಂದಿತ್ತು. ಆಕಿ ಹೇಳಿ ಕಳಿಸ್ಯಾಳ ಹೌದಿಲ್ಲೋ? ನೋಡ್ರಿ, ಪೂರಾ ಆಟಕ್ಕ ಹಚ್ಚಾಕ ಹೇಳಾಕತ್ತಿಲ್ಲ. ಆಕಿ ಮ್ಯಾಲ ಹೋಗಿ ಎರಡೂ ಕೈ ಬಿಟ್ಟಾಗ ಒಂದ್ ಗಳಿಗಿ. ನಿಮಗ ಒಂದು ಫೋಟೋ ಸಿಕ್ಕ ಕೂಡ್ಲೆ ನಾನ ಆಫ್ ಮಾಡಸ್ತೀನಿ. ಸಾಕಲ್ಲ?"

ಒಂದು ಗಳಿಗೆ ಎಂದರೆ ಎಷ್ಟು ಹೊತ್ತಾದೀತು ಎನಿಸಿತು ಅವಳಿಗೆ. ಬಸ್ ಸ್ಟ್ಯಾಂಡಿನ ಬೋರ್ಡೂ ಕಣ್ಣ ಮುಂದೆ ಬಂದಿರಬೇಕು.

"ಹೂಂ, ಒಂದ್ ಗಳಿಗಿ ಆದ್ರ ಆಗ್ತೈತಿ," ಎಂದಳು.

ಹಾಲೇಶ ಅಲ್ಲಿಂದಲೇ ಕೂಗಿದ. "ಇಷ್ರತಮ್ಮ, ಫೋಟೋದ ಅಕ್ಕಾರೂ ಹೂಂ ಅಂದ್ರು ನೋಡು!"

ಇಷ್ರತ ತಿರುಗಿ ಶಾಂಭವಿಯನ್ನು ನೋಡಿದಳು. ಗಾಡಿ ತಳ್ಳಿಕೊಂಡು ಬಾವಿಯ ಬಾಗಿಲೊಳಗೆ ಹೋದಳು.

ಮೇಲಿನ ಅಂಚು ಜನರಿಂದ ತುಂಬಿತ್ತು. ಶಾಂಭವಿ ಒಂದು ಮೂಲೆ ಹಿಡಿದು ಬ್ಯಾಗನ್ನು ಕಾಲ ಬಳಿ ಇಟ್ಟಳು. ಪಕ್ಕದಲ್ಲಿ ಸವಡಿಯಿಂದ ಬಂದ ಮಾಳವ್ವ ಎಂಬ ಹೆಂಗಸು, ಕೈತುಂಬ ಹಸಿರು ಬಳೆ ತೊಟ್ಟವಳು, ಅಂಚಿಗೆ ಕಟ್ಟಿದ ತಂತಿಯ ಹಗ್ಗ ಹಿಡಿದು ಕೆಳಗೆ ಇಣುಕುತ್ತಿದ್ದಳು. "ಯವ್ವಾ, ಹೆಣ್ಣಮಗಳೇನ ಗಾಡಿ ಹೊಡ್ಯಾಕಿ? ಆಕಿ ಹಡದವ್ವ ಹ್ಯಾಂಗ ಬಿಟ್ಟಾಳ ಇದಕ್ಕ?" ಎಂದಳು. ಕೆಳಗೆ ಬಾವಿಯ ನಡುವೆ ಮುರ್ತುಜಾಸಾಬ ಒಬ್ಬನೇ ನಿಂತು ಮೇಲೆ ನೋಡುತ್ತಿದ್ದ. ಅವನ ಬಿಳಿ ಟೊಪ್ಪಿಗೆ ಅಂಗೈಯಷ್ಟು ಕಾಣುತ್ತಿತ್ತು.

ಗಾಡಿ ಶುರುವಾಯಿತು. ಸೈಲೆನ್ಸರ್ ಕಿತ್ತ ಗಾಡಿಯ ಸದ್ದಿಗೆ ಎದೆಯೊಳಗೇ ಗುದ್ದಿದಂತಾಯಿತು. ಇಷ್ರತ ಕೆಳಗಿನ ಇಳಿಜಾರಿನಲ್ಲಿ ಎರಡು ಸುತ್ತು ಹಾಕಿ ಗೋಡೆಗೆ ಹತ್ತಿಸಿದಳು. ಹಲಿಗೆಗಳು ದಡದಡ ಎಂದವು. ಇಡೀ ಬಾವಿ ಅತ್ತಿತ್ತ ತೂಗಿತು. ಸುತ್ತು ಸುತ್ತಿಗೂ ಮೇಲೆ ಬಂದಳು. ಕೆಂಪು ಪಟ್ಟಿಯ ಕೆಳಗೆ ಬಂದು ಎರಡೂ ಕೈ ಬಿಟ್ಟು ಅಗಲಕ್ಕೆ ಚಾಚಿದಾಗ ಜನ ಕೇಕೆ ಹಾಕಿದರು.

ಆಗ ಬಲ್ಬುಗಳೆಲ್ಲ ಆರಿ ಡಿಜೆ ಲೈಟು ಹತ್ತಿತು.

ಕ್ಯಾಮೆರಾದ ಕಿಂಡಿಯಲ್ಲಿ ಶಾಂಭವಿಗೆ ಒಮ್ಮೆ ಗಾಡಿ ಕಂಡಿತು, ಒಮ್ಮೆ ಬರೀ ಕಪ್ಪು. ಮತ್ತೆ ಗಾಡಿ, ಆದರೆ ಇನ್ನೆಲ್ಲೋ. ಗುಂಡಿ ಒತ್ತಿದಳು. ಫೋಟೋ ಸಿಕ್ಕಿತು. ಅದೇ ಅಂಚಿನಲ್ಲಿ ವಾಕಿಟಾಕಿ ಹಿಡಿದು ನಿಂತಿದ್ದ ಹಾಲೇಶನ ಕಡೆ ತಿರುಗಿ ಕೈ ಎತ್ತಿ, ಆಯಿತು ಎಂದು ಸನ್ನೆ ಮಾಡಿದಳು. ಅವನು ವಾಕಿಟಾಕಿ ಬಾಯಿಗೆ ಹಿಡಿದು, "ಆಫ್ ಮಾಡು, ನಿಂಗರಾಜ, ಆಫ್!" ಎಂದ. ಲೈಟು ನೋಡಿಕೊಳ್ಳುವ ನಿಂಗರಾಜ ಇದ್ದದ್ದು ಕಾರಂಜಿಯ ಆಚೆಯ ಕೋಣೆಯಲ್ಲಿ. ಪಾರ್ಕಿನ ಎಲ್ಲ ದೀಪಗಳ ಗುಂಡಿ ಅಲ್ಲೇ. ಆ ಹೊತ್ತಿಗೆ ಕಾರಂಜಿಯ ಹಾಡೂ ಶುರುವಾಗಿತ್ತು. ಲೈಟು ಆರಲಿಲ್ಲ.

ಇಷ್ರತ ಕೈಗಳನ್ನು ಹ್ಯಾಂಡಲ್ಲಿಗೆ ತಂದಿದ್ದಳು. ತಲೆ ಅತ್ತಿತ್ತ ಅಲುಗಿಸುತ್ತಿದ್ದಳು, ಕಣ್ಣಿಗೆ ಮುತ್ತಿದ ನೊಣ ಓಡಿಸುವವಳಂತೆ. ಗಾಡಿ ಒಂದು ಸುತ್ತಿಗೆ ಮೇಲೆ, ಒಂದು ಸುತ್ತಿಗೆ ಕೆಳಗೆ ಹೊಯ್ದಾಡಿತು. ಮುಂದಿನ ಗಾಲಿ ಕೆಂಪು ಪಟ್ಟಿಯ ಮೇಲೆ ಹಾದುಹೋಯಿತು. ಅಂಚಿಗೆ ಬಾಗಿದ್ದವರು ಹಿಂದೆ ಹಾರಿದರು, ಆಮೇಲೆ ಜೋರಾಗಿ ಚಪ್ಪಾಳೆ ತಟ್ಟಿದರು. ಇದೂ ಆಟವೇ ಅಂದುಕೊಂಡಿದ್ದರು.

"ಇಳ್ಯಾಕ ಹೇಳ್ರಿ ಆಕಿಗೆ!" ಶಾಂಭವಿ ಚೀರಿದಳು. ಅವಳ ಮಾತು ಅವಳಿಗೇ ಕೇಳಲಿಲ್ಲ.

ಇಳಿಯುವುದು ಇನ್ನೂ ಕಷ್ಟ ಎಂದು ಮುಂದಿನ ಸುತ್ತಿಗೆ ಅವಳಿಗೆ ಅರ್ಥವಾಯಿತು. ವೇಗ ತಗ್ಗಿಸಿದರೆ ಗಾಡಿ ಗೋಡೆಯಿಂದ ಕಳಚಿ ಬೀಳುತ್ತದೆ. ಕೆಳಗಿನ ಇಳಿಜಾರು ಎಲ್ಲಿ ಶುರುವಾಗುತ್ತದೆ ಎಂದು ಕಣ್ಣಿಗೆ ಕಂಡರೆ ಮಾತ್ರ ಇಳಿಸಬಹುದು. ಕೆಳಗೆ ಮುರ್ತುಜಾಸಾಬ ಎರಡೂ ಕೈ ಎತ್ತಿ ಏನೋ ಕೂಗುತ್ತಿದ್ದ. ಮಿಣುಕಿನಲ್ಲಿ ಅವನ ಕೈಗಳು ತುಂಡು ತುಂಡಾಗಿ ಕಾಣುತ್ತಿದ್ದವು. ಹಾಲೇಶ ವಾಕಿಟಾಕಿಯನ್ನು ಬಡಿದ, ಕೂಗಿದ, ಕೊನೆಗೆ ಜನರನ್ನು ತಳ್ಳಿಕೊಂಡು ಮೆಟ್ಟಿಲ ಕಡೆ ಓಡಿದ. ಆ ಕೋಣೆ ಮುಟ್ಟಲು ಅರ್ಧ ಪಾರ್ಕು ದಾಟಬೇಕು.

ಬಾವಿಯ ಕಂಬಕ್ಕೆ ಕಟ್ಟಿದ ಲೈಟಿನ ವಯರು ಶಾಂಭವಿಯ ಕೈಗೆಟುಕುವಷ್ಟು ಹತ್ತಿರವಿತ್ತು. ಕೈ ಚಾಚಿದಳು. ಚಾಚಿದ ಕೈ ತಡೆಯಿತು. ಎಳೆದರೆ ಪೂರ್ತಿ ಕತ್ತಲು.

ಬಗ್ಗಿ ಬ್ಯಾಗಿಗೆ ಕೈ ಹಾಕಿದಳು. ಮದುವೆ ವಿಡಿಯೋಕ್ಕೆ ಹಿಡಿಯುವ ಲೈಟು ಕೈಗೆ ಸಿಕ್ಕಿತು. ಹಚ್ಚಿ ಅಂಚಿನಿಂದ ಹೊರಗೆ ಚಾಚಿದಳು. ಬಿಳಿ ಬೆಳಕು ಎದುರಿನ ಹಲಿಗೆಗಳ ಮೇಲೆ ಬಿತ್ತು, ಆರದೆ ನಿಂತಿತು. ಕೆಂಪು ಪಟ್ಟಿ ಆ ಭಾಗದಲ್ಲಿ ಸ್ಪಷ್ಟವಾಗಿ ಕಂಡಿತು.

ಇಷ್ರತಳ ಕಣ್ಣಿಗೆ ಬೆಳಕು ಬೀಳಬಾರದು. ಮದುಮಕ್ಕಳ ಕಣ್ಣು ಚುಚ್ಚದಂತೆ ಲೈಟು ಹಿಡಿಯುವುದು ಶಾಂಭವಿಗೆ ರೂಢಿ. ಆದರೆ ಮದುಮಕ್ಕಳು ಹೀಗೆ ಹಾರಿಹೋಗುವುದಿಲ್ಲ. ಗಾಡಿ ಎದುರಿಗೆ ಬಂದ ಕೂಡಲೇ ಬೆಳಕನ್ನು ಅದರ ಮುಂದಕ್ಕೆ ಸರಿಸಿದಳು. ತಪ್ಪಿತು. ಮುಂದಿನ ಸುತ್ತಿಗೆ ಮತ್ತೆ ಹಿಡಿದಳು. ಈ ಸಲ ಗಾಡಿಯ ಮುಂದೆ ಬೆಳಕೂ ಓಡಿತು. ಇಷ್ರತ ಅದನ್ನು ನೋಡಿದಳು. ಅಲುಗುತ್ತಿದ್ದ ತಲೆ ನಿಂತಿತು.

ಅಷ್ಟರಲ್ಲಿ ಎದುರಿನ ಅಂಚಿನಲ್ಲಿದ್ದವರು ಶಾಂಭವಿಯನ್ನು ನೋಡಿ ತಾವೂ ಮೊಬೈಲ್ ಟಾರ್ಚು ಹಚ್ಚಿ ಬಾವಿಯೊಳಗೆ ಹಿಡಿದರು. ಇಷ್ರತಳ ಮುಖಕ್ಕೆ ಬೆಳಕು ಹೊಡೆಯಿತು. ಗಾಡಿ ತಟ್ಟನೆ ಮೇಲೆ ನುಗ್ಗಿತು.

"ಆರಸ್ರಿ! ಟಾರ್ಚ್ ಆರಸ್ರಿ! ಕಣ್ಣಿಗೆ ಹೊಡಿತೈತಿ ಆಕಿಗೆ!"

ಯಾರಿಗೂ ಕೇಳಲಿಲ್ಲ. ಆಗ ಮಾಳವ್ವ ತನ್ನ ಪಕ್ಕದ ಹುಡುಗರ ಕೈಗಳನ್ನು ಪಟಪಟ ಹೊಡೆದು ಮೊಬೈಲು ಕೆಳಗಿಳಿಸಿದಳು. ಎದುರಿನವರಿಗೆ ಕೈ ಬೀಸಿ ಬೀಸಿ, ಸೆರಗಿನಿಂದ ಕಣ್ಣು ಮುಚ್ಚಿಕೊಂಡು ತೋರಿಸಿದಳು. ಒಂದೊಂದಾಗಿ ಟಾರ್ಚು ಆರಿದವು.

ಗಾಡಿ ಇನ್ನೂ ಮೇಲೆಯೇ ಇತ್ತು. ಶಾಂಭವಿ ಬೆಳಕನ್ನು ಒಂದು ಗೇಣು ಕೆಳಗಿಳಿಸಿದಳು. ಇಷ್ರತ ಬೆಳಕಿನ ಹಿಂದೆ ಬಂದಳು. ಇನ್ನೊಂದು ಗೇಣು. ಗಾಡಿ ಕೆಳಗಿಳಿದಂತೆ ತಾನು ನಿಂತ ಕಡೆಯ ಗೋಡೆ ಶಾಂಭವಿಯ ಕಣ್ಣಿಗೆ ಮರೆಯಾಗತೊಡಗಿತು. ಹಗ್ಗದ ಮೇಲೆ ಹೊಟ್ಟೆಯೂರಿ ಬಾಗಿದಳು. ಕಾಲು ಹಲಿಗೆಯಿಂದ ಎದ್ದವು. ಬೀಳುತ್ತೇನೆ ಎನ್ನುವಷ್ಟರಲ್ಲಿ ಹಿಂದಿನಿಂದ ಎರಡು ಕೈ ಅವಳ ಸೊಂಟ ಹಿಡಿದವು. ಬಳೆ ಒತ್ತಿ ನೋವಾಯಿತು.

"ನಾ ಹಿಡದೀನಿ. ನೀ ಆಕಿನ್ನ ಇಳಸು," ಎಂದಳು ಮಾಳವ್ವ ಕಿವಿಯಲ್ಲಿ.

ಕೆಳಗೆ ಮುರ್ತುಜಾಸಾಬ ಈಗ ಕೂಗುತ್ತಿರಲಿಲ್ಲ. ಟೊಪ್ಪಿಗೆ ತೆಗೆದು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಬೆಳಕು ಇಳಿಜಾರಿನ ಅಂಚನ್ನು ಮುಟ್ಟಿತು. ಹಲಿಗೆ ಮುಗಿದು ಇಳಿಜಾರು ಶುರುವಾಗುವ ಗೆರೆ ಕಂಡಿತು. ಶಾಂಭವಿಯ ತೋಳು ನಡುಗುತ್ತಿತ್ತು, ಬೆಳಕೂ ನಡುಗಿತು. ಗಾಡಿ ಆ ಗೆರೆಯ ಮೇಲೆ ಧಡಕ್ಕೆಂದು ಹಾರಿ, ಅಡ್ಡ ಜಾರಿ, ಮುದುಕನ ಕಾಲ ಹತ್ತಿರ ಬಂದು ಬಿತ್ತು. ಇಷ್ರತ ಗಾಡಿಯಿಂದ ಆಚೆ ಉರುಳಿ ಎದ್ದು ಕುಳಿತಳು.

ಲೈಟು ಇನ್ನೂ ಹತ್ತಿ ಆರುತ್ತಲೇ ಇತ್ತು. ಎಷ್ಟೋ ಹೊತ್ತಿನ ಮೇಲೆ ಅನ್ನಿಸುವಂತೆ ಅದು ನಿಂತು ಹಳದಿ ಬಲ್ಬುಗಳು ಹತ್ತಿದವು. ಜನ ಸಿಳ್ಳೆ ಹೊಡೆದು, ಇನ್ನೊಮ್ಮೆ, ಇನ್ನೊಮ್ಮೆ ಎಂದು ಕೂಗಿದರು. ಮಾಳವ್ವ ಅವರಿಗೆ ಬಾಯಿಗೆ ಬಂದಂತೆ ಬೈದಳು.

ಶಾಂಭವಿ ಕೆಳಗೆ ಬಂದಾಗ ಇಷ್ರತ ಗೋಡೆಗೆ ಒರಗಿ ನೀರು ಕುಡಿಯುತ್ತಿದ್ದಳು. ಮೊಣಕೈ ಕಿತ್ತು ರಕ್ತ ಬರುತ್ತಿತ್ತು. ಹಾಲೇಶ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದ.

"ನಾ ಆಫ್ ಮಾಡ ಅಂದ್ನೆವಾ... ಅವಗ ಕೇಳಿಸಿಲ್ಲ," ಎಂದ.

ಮುರ್ತುಜಾಸಾಬ ಅವನ ಕಡೆ ನೋಡಲಿಲ್ಲ. ಕಂಬ ಹತ್ತಿ ಡಿಜೆ ಲೈಟಿನ ವಯರು ಬಿಚ್ಚಿದ. ಲೈಟನ್ನು ಇಳಿಸಿ ತಂದು ಹಾಲೇಶನ ಕೈಯಲ್ಲಿಟ್ಟ. "ಇದು ನಿಮ್ಮ ಕಾರಂಜಿಗೆ ಇರ್ಲಿ ಸಾಹೇಬ್ರ. ಇನ್ನ ಬಾವಿ ದೀಪದ ಗುಂಡಿ ಬಾವಿ ಹಂತೇಕ ಇರಬೇಕು, ನನ್ನ ಕೈಯಾಗ. ಆಗಂಗಿಲ್ಲ ಅಂದ್ರ ನಾಳೆ ಹಲಿಗಿ ಬಿಚ್ಚತೀನಿ."

ಹಾಲೇಶ ತಲೆಯಾಡಿಸಿದ. ಲೈಟು ಅಪ್ಪಿಕೊಂಡು ಹೊರಗೆ ಹೋದ.

ಶಾಂಭವಿ ಇಷ್ರತಳ ಎದುರು ಕುಳಿತಳು.

"ನೀವ ಹೂಂ ಅಂದ್ರಿ," ಎಂದಳು ಇಷ್ರತ.

"ಹೌದ್ರಿ. ಅಂದೆ."

"ಯಾಕ ಅಂದ್ರಿ?"

"ಒಂದ್ ಗಳಿಗಿ ಅಂದ್ರ ಏನಾಗ್ತೈತಿ ಅನ್ಕೊಂಡೆ. ನನ್ನ ಹೆಸರು ಬೋರ್ಡಿನ್ಯಾಗ ಬರ್ತೈತಿ ಅಂತನೂ ಇತ್ತು." ಶಾಂಭವಿ ಅವಳ ಮೊಣಕೈ ನೋಡಿದಳು. "ತಪ್ಪಾತು."

ಇಷ್ರತ ಮೊಣಕೈ ಮೇಲಿನ ರಕ್ತವನ್ನು ಓಢಣಿಯ ತುದಿಯಿಂದ ಒತ್ತಿಕೊಂಡಳು. ಆಮೇಲೆ, "ನರೇಗಲ್ಲಿಗೆ ಹೋಗಬೇಕಲ್ಲ ನೀವು? ಊಟ ಮಾಡಿ ಹೋಗ್ರಿ. ರೊಟ್ಟಿ ಅದಾವ," ಎಂದಳು.

ಬಾವಿಯ ಹಿಂದಿನ ತಗಡಿನ ಕೋಣೆಯಲ್ಲಿ ಮೂವರೂ ಕುಳಿತು ಉಂಡರು. ಇಷ್ರತಳ ಕೈಯಿಂದ ಬ್ಯಾಳಿ ಚೆಲ್ಲಿತು. ಶಾಂಭವಿ ನೋಡದವಳಂತೆ ರೊಟ್ಟಿ ಮುರಿದಳು. ಮುರ್ತುಜಾಸಾಬ ಮಗಳಿಗೆ, "ನಾಳೆ ಬ್ಯಾಡ ಬಿಡವಾ, ಎಂಟು ದಿನ ಸುಧಾರಿಸ್ಕೊ," ಎಂದ.

"ಇಲ್ಲ ಅಬ್ಬಾ. ನಾಳೆ ಹತ್ತಲಿಲ್ಲಂದ್ರ ಮತ್ತ ಎಂದೂ ಹತ್ತಾಕ ಆಗಂಗಿಲ್ಲ ನನಗ."

ಹೊರಡುವಾಗ ಶಾಂಭವಿ ಅವಳ ಎದುರಿಗೇ ಕ್ಯಾಮೆರಾ ತೆಗೆದು ಆ ಫೋಟೋ ತೋರಿಸಿದಳು. ಎರಡೂ ಕೈ ಚಾಚಿದ ಇಷ್ರತ, ಹಿಂದೆ ಬರೀ ಕತ್ತಲು. ಇಷ್ರತ ನೋಡಿ, "ಚಂದ ಬಂದೈತಿ," ಎಂದಳು. ಸ್ವಲ್ಪ ತಡೆದು, "ಅಳಿಸಿಬಿಡ್ರಿ," ಎಂದಳು. ಶಾಂಭವಿ ಅಳಿಸಿದಳು. ನಾಳೆ ಗಾಡಿ ಇಳಿದ ಕೂಡಲೇ ಫೋನ್ ಮಾಡಲು ಹೇಳಿ ತನ್ನ ನಂಬರು ಕೊಟ್ಟಳು.

ಮರುದಿನ ಶಾಂಭವಿಗೆ ರೋಣದಲ್ಲಿ ಒಂದು ನಿಶ್ಚಿತಾರ್ಥವಿತ್ತು. ಬಿಡುವ ಹಾಗಿರಲಿಲ್ಲ. ಸಂಜೆಯಾದಂತೆ ಅವಳ ಗಮನವೆಲ್ಲ ಜೇಬಿನಲ್ಲಿದ್ದ ಮೊಬೈಲಿನ ಮೇಲೆ. ಹುಡುಗಿಯ ಕೈಗೆ ಉಂಗುರ ತೊಡಿಸುವುದನ್ನು ಎರಡು ಸಲ ಮಾಡಿಸಬೇಕಾಯಿತು, ಮೊದಲಿನ ಫೋಟೋ ಅಲುಗಿತ್ತು. ಹೊರಗೆ ಕತ್ತಲಾಯಿತು. ಈಗ ಇಷ್ರತ ಗಾಡಿ ಶುರು ಮಾಡಿರುತ್ತಾಳೆ. ಈಗ ಗೋಡೆ ಹತ್ತಿರುತ್ತಾಳೆ. ಈಗ ಮೇಲೆ ಬಂದಿರುತ್ತಾಳೆ. ಜನರಿಗೆ ಬಡಿಸುತ್ತಿದ್ದರು. ಅವಳೂ ಪಂಕ್ತಿಯಲ್ಲಿ ಕುಳಿತಳು.

ಮೊಬೈಲು ನಡುಗಿತು. ಪಂಕ್ತಿಯಿಂದ ಎದ್ದು ಹೊರಗೆ ಓಡಿದಳು. ಫೋನಿನ ಆಚೆ ಇನ್ನೂ ಆಫ್ ಮಾಡದ ಗಾಡಿಯ ಸದ್ದು, ಜನರ ಗದ್ದಲ. ಅದರ ನಡುವೆ ಏದುಸಿರು.

"ಅಕ್ಕಾ," ಎಂದಳು ಇಷ್ರತ, "ಇಳದೆ."